ಹಾಲಿನ ಲೆಕ್ಕದ ಪ್ರೋಗ್ರಾಂ ರಿಪೇರಿ: ಸಿ ಶಾರ್ಪ್‌ನಿಂದ ಸ್ಟೋರ್ಡ್ ಪ್ರೊಸೀಜರ್ ಕರೆಯುವುದು

ಹಾಲು ಉತ್ಪಾದಕರ ಸಂಘವೊಂದರ ಹಳೇ ವಿಂಡೋಸ್ ಪ್ರೋಗ್ರಾಂ. ಹಿಂದೆ ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್, ಮುಂದೆ ಸಿ ಶಾರ್ಪ್ ಕೋಡ್. ಲೆಕ್ಕವೆಲ್ಲ ಸ್ಟೋರ್ಡ್ ಪ್ರೊಸೀಜರ್‌ಗಳಲ್ಲೇ (ಸರ್ವರಿನಲ್ಲೇ ಹೆಸರಿಟ್ಟು ಉಳಿಸಿದ ಕೋಡ್) ಇದೆ, ಬಹುಮಟ್ಟಿಗೆ ಸರಿಯಾಗಿಯೂ ಇದೆ. ಕೆಟ್ಟಿರುವುದು ಅವನ್ನು ಕರೆಯುವ ಕೋಡ್. ಕೈಗೆತ್ತಿಕೊಂಡದ್ದು ನಾಲ್ಕು ಪ್ರೊಸೀಜರ್: ಒಬ್ಬ ಸದಸ್ಯರ ಒಂದು ಹೊತ್ತಿನ ಹಾಲು ದಾಖಲಿಸುವ ಮಿಲ್ಕ್_ಇನ್ಸರ್ಟ್, ಹೆಸರು ಹುಡುಕುವ ಮೆಂಬರ್_ಸರ್ಚ್, ಹದಿನೈದು ದಿನದ ಬಟವಾಡೆ ಲೆಕ್ಕ ಹಾಕುವ ಬಿಲ್_ಕ್ಯಾಲ್ಕ್, ಮತ್ತು ಒಂದು ಪಾಳಿಯ ಹಾಲನ್ನೆಲ್ಲ ಒಟ್ಟಿಗೆ ಸೇರಿಸಲು ಹೊಸದಾಗಿ ಬರೆದ ಮಿಲ್ಕ್_ಬಲ್ಕ್. ಪ್ರೊಸೀಜರ್‌ಗಳನ್ನು ಆದಷ್ಟು ಮುಟ್ಟದೆ, ಕರೆಯುವ ಕಡೆಯನ್ನು ಮಾತ್ರ ಹೊಸದಾಗಿ ಬರೆಯುವುದು ಎಂದು ಗೆರೆ ಎಳೆದುಕೊಂಡು ಶುರುಮಾಡಿದ ಕೆಲಸ. ಕೆಲವು ಕಡೆ ಆ ಗೆರೆ ದಾಟಬೇಕಾಯಿತು.

ಕ್ಲಾಸ್, ಪ್ರಾಪರ್ಟಿಗಳ ಹೆಸರನ್ನು ಇಲ್ಲಿ ಕೇಳಿಸಿದಂತೆ ಬರೆದಿದೆ. ಎಡಿಟರಿನಲ್ಲಿ ಎಂದಿನ ಇಂಗ್ಲಿಷ್ ಕಾಗುಣಿತವೇ.

ಹಳೇ ಕೋಡ್ ಮಾಡುತ್ತಿದ್ದದ್ದು

ಪ್ರತಿ ಕರೆಯೂ ಒಂದೇ ಅಚ್ಚು. ‘ಎಕ್ಸೆಕ್ ಮಿಲ್ಕ್_ಇನ್ಸರ್ಟ್’ ಎಂದು ಬರೆದು, ಟೆಕ್ಸ್ಟ್‌ಬಾಕ್ಸ್‌ಗಳಲ್ಲಿದ್ದದ್ದನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಅಂಟಿಸುತ್ತಾ ಹೋಗಿ, ಕೊನೆಗೆ ಸಿಕ್ಕ ಉದ್ದನೆಯ ಸ್ಟ್ರಿಂಗನ್ನು ಸರ್ವರಿಗೆ ತಳ್ಳುವುದು. ಎಸ್‌ಕ್ಯುಎಲ್ ಇಂಜೆಕ್ಷನ್ನಿನ (ಟೈಪ್ ಮಾಡಿದ ಪಠ್ಯವೇ ಆಜ್ಞೆಯಾಗಿ ಓಡಿಬಿಡುವ) ಅಪಾಯ ಇದ್ದೇ ಇದೆ, ಅದನ್ನು ಹೊಸದಾಗಿ ಹೇಳಬೇಕಿಲ್ಲ. ಆದರೆ ಈ ಸಂಘದಲ್ಲಿ ದಿನನಿತ್ಯ ಕಾಡುತ್ತಿದ್ದವು ಬೇರೆ ಮೂರು.

ಒಂದು, ಡಿ'ಸೋಜ. ಹೆಸರಿನ ನಡುವಿನ ಚಿಹ್ನೆಯಲ್ಲೇ ಸ್ಟ್ರಿಂಗ್ ಮುಗಿದು, ಮಿಕ್ಕ ‘ಸೋಜ’ ಸಿಂಟ್ಯಾಕ್ಸ್ ದೋಷವಾಗುತ್ತಿತ್ತು. ಕರಾವಳಿಯ ಯಾವ ಊರಿಗೆ ಈ ಪ್ರೋಗ್ರಾಂ ಕೊಟ್ಟರೂ ಮೊದಲ ದಿನವೇ ಸಿಕ್ಕಿಬೀಳುವ ತಪ್ಪು ಇದು. ಹಾಗಾಗಿ ಮೂರರಲ್ಲಿ ಇದೇ ವಾಸಿ: ಕೂಗಿ ಹೇಳುತ್ತದೆ.

ಎರಡು, ಕನ್ನಡ ಹೆಸರುಗಳು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಟೇಬಲ್ ಸೇರುತ್ತಿದ್ದವು. ಕಾಲಂ ಎನ್‌ವಾರ್‌ಚಾರ್ (ಯೂನಿಕೋಡ್ ಪಠ್ಯದ ಟೈಪ್) ಆಗಿಯೇ ಇತ್ತು, ಪ್ರೊಸೀಜರಿನ ಪ್ಯಾರಾಮೀಟರೂ ಹಾಗೆಯೇ. ಕೆಟ್ಟದ್ದು ನಡುದಾರಿಯಲ್ಲಿ. ಉದ್ಧರಣ ಚಿಹ್ನೆಯ ಮುಂದೆ ದೊಡ್ಡ ಎನ್ ಅಕ್ಷರ ಇಲ್ಲದಿದ್ದರೆ ಸರ್ವರ್ ಆ ಪಠ್ಯವನ್ನು ವಾರ್‌ಚಾರ್ ಎಂದು ತಿಳಿದು ಡೇಟಾಬೇಸಿನ ಕೋಡ್‌ಪೇಜಿಗೆ, ಅಂದರೆ ಅದರ ಅಕ್ಷರಪಟ್ಟಿಗೆ, ಇಳಿಸುತ್ತದೆ. ಯುಟಿಎಫ್-8 ಕೊಲೇಶನ್ (ವಾರ್‌ಚಾರ್‌ನಲ್ಲೂ ಯೂನಿಕೋಡ್ ಇಡಬಲ್ಲ ಅಕ್ಷರ ಸೆಟ್ಟಿಂಗ್) ಇಲ್ಲದ ಡೇಟಾಬೇಸಿನಲ್ಲಿ ಕನ್ನಡಕ್ಕೆ ಆ ಕೋಡ್‌ಪೇಜಿನಲ್ಲಿ ಜಾಗವೇ ಇಲ್ಲ. ಎನ್‌ವಾರ್‌ಚಾರ್ ಕಾಲಂ ತಲುಪುವಷ್ಟರಲ್ಲಿ ಅಕ್ಷರ ಹೋಗಿಬಿಟ್ಟಿರುತ್ತದೆ. ಹಾಗೆ ಹೋದದ್ದನ್ನು ಯಾವ ಕ್ವೆರಿಯೂ ಮರಳಿ ತರಲಾರದು, ಸದಸ್ಯರ ಪುಸ್ತಕ ನೋಡಿ ಮತ್ತೆ ಟೈಪ್ ಮಾಡಬೇಕು.

ಮೂರನೆಯದು ತಾರೀಕು, ಎಲ್ಲಕ್ಕಿಂತ ಕೆಟ್ಟದ್ದು. ಲಾಗಿನ್ನಿನ ಭಾಷೆ ಯುಎಸ್ ಇಂಗ್ಲಿಷ್ ಆಗಿದ್ದರೆ ಸರ್ವರ್ 05/06/2024 ಎಂಬುದನ್ನು ಮೇ 6 ಎಂದು ಓದುತ್ತದೆ. ಬರೆದವರು ಹೇಳಿದ್ದು ಜೂನ್ 5. ತಿಂಗಳ 12ನೇ ತಾರೀಕಿನವರೆಗೆ ಒಂದು ದೋಷವೂ ಬರುವುದಿಲ್ಲ. 13ನೇ ತಾರೀಕು 8114 ಎಂಬ ಪರಿವರ್ತನೆ ದೋಷ ಎದುರಾಗುತ್ತದೆ. ‘ಹದಿಮೂರರ ಮೇಲೆ ಪ್ರೋಗ್ರಾಂ ಕೆಡುತ್ತದೆ’ ಎಂದು ಯಾರಾದರೂ ದೂರಿದರೆ ಬೇರೇನೂ ಹುಡುಕಬೇಕಿಲ್ಲ. ಕೆಟ್ಟಿರುವುದು ಹದಿಮೂರರ ಒಳಗಿನ ದಾಖಲೆಗಳು. ಸಾಲು ಸೇರಿದ ಹೊತ್ತನ್ನು ಸರ್ವರ್ ತಾನೇ ಬರೆದಿಟ್ಟ ಕಾಲಂ ಇದ್ದರೆ ಹಳೆಯದನ್ನು ತಿದ್ದಬಹುದು: ಹಾಲಿನ ತಾರೀಕಿನ ದಿನ ಆ ಹೊತ್ತಿನ ತಿಂಗಳಿಗೂ, ಹಾಲಿನ ತಾರೀಕಿನ ತಿಂಗಳು ಆ ಹೊತ್ತಿನ ದಿನಕ್ಕೂ ಸಮವಾಗಿರುವ ಸಾಲುಗಳನ್ನು ಹೆಕ್ಕಿ ಎರಡನ್ನೂ ಅದಲುಬದಲು ಮಾಡುವುದು. 6/6, 7/7ರಂಥವು ಹೇಗೂ ಸರಿಯೇ ಇರುತ್ತವೆ.

ಮೊದಲು ಪಟ್ಟಿ, ಆಮೇಲೆ ಕೋಡ್

ಪ್ಯಾರಾಮೀಟರ್ ಒಂದು ಕಡಿಮೆಯಾದರೆ, ಒಂದು ಹೆಚ್ಚಾದರೆ, ಹೆಸರು ತಪ್ಪಿದರೆ ಎಸ್‌ಕ್ಯುಎಲ್ ಸರ್ವರ್ ಜೋರಾಗಿಯೇ ಗದ್ದಲ ಮಾಡುತ್ತದೆ. ಅಳತೆ ತಪ್ಪಿದರೆ, ದಶಮಾಂಶದ ಸ್ಥಾನ ತಪ್ಪಿದರೆ, ಕಾಲಂ ಅನುಕ್ರಮ ತಪ್ಪಿದರೆ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಕರೆ ಬರೆಯುವ ಮೊದಲು ಪ್ರತಿ ಪ್ರೊಸೀಜರ್ ಏನು ಕೇಳುತ್ತದೆ ಎಂಬ ಪಟ್ಟಿ ಕೈಯಲ್ಲಿರಬೇಕು. ಅದು ಸಿಸ್.ಪ್ಯಾರಾಮೀಟರ್ಸ್ ಎಂಬ ವ್ಯೂನಲ್ಲಿ ಸಿಗುತ್ತದೆ. ಓದುವಾಗ ಎರಡು ವಿಷಯ ಗೊತ್ತಿರಲಿ. ಮ್ಯಾಕ್ಸ್_ಲೆಂತ್ ಬೈಟ್ ಲೆಕ್ಕದಲ್ಲಿರುತ್ತದೆ: ಎನ್‌ವಾರ್‌ಚಾರ್(100) ಎಂಬುದು 200 ಎಂದು ಕಾಣುತ್ತದೆ, ಮ್ಯಾಕ್ಸ್ ಎಂದಿದ್ದರೆ -1. ಹ್ಯಾಸ್_ಡಿಫಾಲ್ಟ್_ವ್ಯಾಲ್ಯೂ ಕಾಲಮನ್ನು ನಂಬಬಾರದು. ಟಿ-ಎಸ್‌ಕ್ಯುಎಲ್‌ನಲ್ಲಿ ಬರೆದ ಪ್ರೊಸೀಜರಿಗೆ ಡಿಫಾಲ್ಟ್ ಇದ್ದರೂ ಅಲ್ಲಿ 0 ಎಂದೇ ಇರುತ್ತದೆ; ಡಿಫಾಲ್ಟ್ ಇದೆಯೋ ಇಲ್ಲವೋ ತಿಳಿಯಲು ಪ್ರೊಸೀಜರಿನ ಪಠ್ಯವನ್ನೇ ತೆರೆಯಬೇಕು.

ಎಸ್‌ಕ್ಯುಎಲ್‌ಕಮ್ಯಾಂಡ್‌ಬಿಲ್ಡರ್‌ನ ಡಿರೈವ್‌ಪ್ಯಾರಾಮೀಟರ್ಸ್ ಬಳಸಿದರೆ ಈ ಪಟ್ಟಿ ತಾನಾಗಿ ತುಂಬುತ್ತದಲ್ಲ ಎಂದರೆ, ತುಂಬುತ್ತದೆ. ಅದಕ್ಕಾಗಿ ಸರ್ವರಿಗೆ ಇನ್ನೊಂದು ಸುತ್ತು ಹೋಗಿಬರುತ್ತದೆ, ಔಟ್‌ಪುಟ್ ಪ್ಯಾರಾಮೀಟರನ್ನೆಲ್ಲ (ಪ್ರೊಸೀಜರ್ ತುಂಬಿ ಮರಳಿಸುವಂಥವು) ಇನ್‌ಪುಟ್‌ಔಟ್‌ಪುಟ್ ಎಂದು ಹೇಳುತ್ತದೆ. ಪಟ್ಟಿ ಅಚ್ಚುಹಾಕಿಕೊಳ್ಳಲು ಒಮ್ಮೆ ಓಡಿಸಿ. ದಿನಬಳಕೆಯ ಕೋಡಿನಲ್ಲಿ ಬಿಡಬೇಡಿ.

ಮಿಲ್ಕ್_ಇನ್ಸರ್ಟ್ ಪಟ್ಟಿ ಹೀಗೆ ಬಂತು: ಸದಸ್ಯ ಸಂಖ್ಯೆ ಇಂಟ್, ತಾರೀಕು ಡೇಟ್, ಪಾಳಿ ಚಾರ್(1), ಲೀಟರ್ ಡೆಸಿಮಲ್(7,2) (ಒಟ್ಟು 7 ಅಂಕಿ, ಅದರಲ್ಲಿ ದಶಮಾಂಶದ ನಂತರ 2), ಫ್ಯಾಟ್ (ಕೊಬ್ಬಿನ ಶೇಕಡಾ) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶದ ಶೇಕಡಾ) ಎರಡೂ ಡೆಸಿಮಲ್(3,1), ಷರಾ ಎನ್‌ವಾರ್‌ಚಾರ್(100), ಡಿಫಾಲ್ಟ್ ನಲ್ (ಬೆಲೆಯೇ ಇಲ್ಲ), ಮೊತ್ತ ಡೆಸಿಮಲ್(10,2), ಔಟ್‌ಪುಟ್, ರಸೀದಿಯ ಪಠ್ಯ ಎನ್‌ವಾರ್‌ಚಾರ್(200), ಔಟ್‌ಪುಟ್.

ಡ್ರೈವರ್ ಬದಲಿಸಿದ್ದು

ಸಿ ಶಾರ್ಪನ್ನು ಸರ್ವರಿಗೆ ಜೋಡಿಸುವ ಹಳೇ ಡ್ರೈವರ್ ಸಿಸ್ಟಮ್.ಡೇಟಾ.ಎಸ್‌ಕ್ಯುಎಲ್‌ಕ್ಲಯಂಟ್. ಅದರ ಜಾಗಕ್ಕೆ ಮೈಕ್ರೋಸಾಫ್ಟ್.ಡೇಟಾ.ಎಸ್‌ಕ್ಯುಎಲ್‌ಕ್ಲಯಂಟ್ ಪ್ಯಾಕೇಜ್. ನೇಮ್‌ಸ್ಪೇಸ್ ಬದಲಿಸಿದರೆ ಹೆಚ್ಚಿನ ಕೋಡ್ ಹಾಗೇ ಕಂಪೈಲ್ ಆಗುತ್ತದೆ, ಓಡಿಸಿದಾಗ ಮಾತ್ರ ಸಂಪರ್ಕವೇ ಸಿಗದೆ ಸರ್ಟಿಫಿಕೇಟ್ ನಂಬಲರ್ಹವಲ್ಲ ಎಂಬ ದೋಷ ಬರಬಹುದು. 4.0 ಆವೃತ್ತಿಯಿಂದ ಎನ್‌ಕ್ರಿಪ್ಟ್ ಎಂಬುದು ಹೇಳದಿದ್ದರೂ ಟ್ರೂ. ಸರ್ವರ್ ತಾನೇ ಹುಟ್ಟಿಸಿಕೊಂಡ ಸರ್ಟಿಫಿಕೇಟನ್ನು ಕ್ಲಯಂಟ್ ಒಪ್ಪುವುದಿಲ್ಲ. ಕನೆಕ್ಷನ್ ಸ್ಟ್ರಿಂಗಿನಲ್ಲಿ ಟ್ರಸ್ಟ್‌ಸರ್ವರ್‌ಸರ್ಟಿಫಿಕೇಟ್ ಟ್ರೂ ಮಾಡಿದರೆ ದೋಷ ಮಾಯ, ಜೊತೆಗೆ ಸರ್ವರ್ ಅಸಲಿಯೇ ಎಂಬ ಪರಿಶೀಲನೆಯೂ ಮಾಯ. ಡೆವಲಪರ್ ಮೇಜಿನ ಮೇಲಿನ ಯಂತ್ರಕ್ಕೆ ಅಷ್ಟು ಸಾಕು, ಸಂಘದ ಸರ್ವರಿಗೆ ಸರಿಯಾದ ಸರ್ಟಿಫಿಕೇಟೇ ಬೇಕು.

ಮೊದಲ ಕರೆ

ಎಸ್‌ಕ್ಯುಎಲ್‌ಕಮ್ಯಾಂಡಿನ ಕಮ್ಯಾಂಡ್‌ಟೆಕ್ಸ್ಟ್‌ನಲ್ಲಿ ಪ್ರೊಸೀಜರಿನ ಹೆಸರು ಮಾತ್ರ, ಸ್ಕೀಮಾ ಸಮೇತ: ಡಿಬಿಒ.ಮಿಲ್ಕ್_ಇನ್ಸರ್ಟ್. ಕಮ್ಯಾಂಡ್‌ಟೈಪ್ ಸ್ಟೋರ್ಡ್‌ಪ್ರೊಸೀಜರ್. ಈ ಎರಡು ಸಾಲಿನಲ್ಲೇ ಎರಡು ಗುಂಡಿಗಳಿವೆ.

ಕಮ್ಯಾಂಡ್‌ಟೈಪ್ ಬದಲಿಸಿ, ಪಠ್ಯದಲ್ಲಿ ಹಳೇ ‘ಎಕ್ಸೆಕ್’ ಉಳಿಸಿಕೊಂಡರೆ 2812: ಅಂಥ ಪ್ರೊಸೀಜರ್ ಇಲ್ಲ. ಎಕ್ಸೆಕ್ ಸೇರಿದ ಇಡೀ ಸಾಲನ್ನೇ ಹೆಸರು ಎಂದು ಹುಡುಕಿರುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು. ಉಲ್ಟಾ ಆದರೆ ತಲೆ ತಿನ್ನುತ್ತದೆ. ಹೆಸರು ಮಾತ್ರ ಬರೆದು ಕಮ್ಯಾಂಡ್‌ಟೈಪ್ ಹಾಕಲು ಮರೆತರೆ ಅದು ಟೆಕ್ಸ್ಟ್ ಆಗಿಯೇ ಉಳಿಯುತ್ತದೆ. ಪ್ಯಾರಾಮೀಟರ್‌ಗಳು ಸರ್ವರಿಗೆ ಹೋಗುತ್ತವೆ, ಆದರೆ ಪ್ರೊಸೀಜರಿಗೆ ತಲುಪುವುದಿಲ್ಲ, ಏಕೆಂದರೆ ಆ ಪಠ್ಯದಲ್ಲಿ ಅವುಗಳ ಹೆಸರೇ ಇಲ್ಲ. ಆಗ 201: ‘ಈ ಪ್ಯಾರಾಮೀಟರ್ ಬೇಕು, ನೀವು ಕೊಟ್ಟಿಲ್ಲ’. ಡಿಬಗ್ಗರಿನಲ್ಲಿ ನೋಡಿದರೆ ಬೆಲೆ ಸಮೇತ ಕುಳಿತಿರುತ್ತದೆ! ಪ್ರೊಸೀಜರಿನ ಎಲ್ಲ ಪ್ಯಾರಾಮೀಟರಿಗೂ ಡಿಫಾಲ್ಟ್ ಇದ್ದರೆ 201 ಕೂಡ ಬಾರದು. ಕೊಟ್ಟದ್ದನ್ನೆಲ್ಲ ಬದಿಗಿಟ್ಟು ಡಿಫಾಲ್ಟಿನಲ್ಲೇ ಓಡಿಬಿಡುತ್ತದೆ. ಮೆಂಬರ್_ಸರ್ಚ್ ಅಂಥ ಪ್ರೊಸೀಜರ್, ಏನು ಹುಡುಕಿದರೂ ಎಲ್ಲ ಸದಸ್ಯರನ್ನೂ ತೋರಿಸುತ್ತಿತ್ತು.

201 ಬರಲು ಇನ್ನೊಂದು ದಾರಿ ಸಿ ಶಾರ್ಪಿನ ನಲ್. ಪ್ರೊಸೀಜರ್ ಕರೆಯಲ್ಲಿ ಬೆಲೆ ನಲ್ ಆಗಿದ್ದರೆ ‘ಇದನ್ನು ಕಳಿಸಬೇಡ, ಡಿಫಾಲ್ಟ್ ಬಳಸು’ ಎಂದೇ ಅರ್ಥ. ಡೇಟಾಬೇಸಿನ ನಲ್ ಬೇಕಾದರೆ ಡಿಬಿನಲ್.ವ್ಯಾಲ್ಯೂ ಕೊಡಬೇಕು. ಷರಾಕ್ಕೆ ಎರಡೂ ಒಂದೇ ಫಲ ಕೊಡುತ್ತವೆ, ಅದರ ಡಿಫಾಲ್ಟೇ ನಲ್. ಪಾಳಿಯಂಥ ಡಿಫಾಲ್ಟ್ ಇಲ್ಲದ ಕಡೆ ಹಾಗಲ್ಲ. ಎಸ್‌ಕ್ಯುಎಲ್‌ಪ್ಯಾರಾಮೀಟರಿನ ಎರಡು ಆರ್ಗ್ಯುಮೆಂಟಿನ ಕನ್‌ಸ್ಟ್ರಕ್ಟರಿಗೆ ಹೆಸರು ಮತ್ತು 0 ಕೊಡುವುದೂ ಇದೇ ಗುಂಡಿಗೆ ಬೀಳಿಸುತ್ತದೆ. ಸೊನ್ನೆಯೆಂಬ ಸ್ಥಿರಾಂಕವನ್ನು ಕಂಪೈಲರ್ ಎಸ್‌ಕ್ಯುಎಲ್‌ಡಿಬಿಟೈಪ್ ಎನಮ್ ಎಂದು ತಿಳಿದು ಬೇರೆ ಕನ್‌ಸ್ಟ್ರಕ್ಟರನ್ನು ಆರಿಸುತ್ತದೆ, ಬೆಲೆ ನಲ್ ಆಗಿಯೇ ಉಳಿಯುತ್ತದೆ. 1 ಕೊಟ್ಟರೆ ಕೆಲಸ ಮಾಡುವ ಕೋಡ್ 0ಗೆ ಕೈಕೊಡುವುದು ಅದಕ್ಕೇ.

ಇದನ್ನೆಲ್ಲ ತಪ್ಪಿಸಲು ಪ್ರತಿ ಪ್ಯಾರಾಮೀಟರನ್ನೂ ಹೆಸರು, ಟೈಪ್, ಬೇಕಾದಲ್ಲಿ ಸೈಜ್ ಹೇಳಿ ಸೇರಿಸಿ, ವ್ಯಾಲ್ಯೂವನ್ನು ಬೇರೆ ಸಾಲಿನಲ್ಲಿ ಕೊಟ್ಟದ್ದಾಯಿತು. ತಾರೀಕು ಎಸ್‌ಕ್ಯುಎಲ್‌ಡಿಬಿಟೈಪ್.ಡೇಟ್ ಆಗಿ, ಡೇಟ್‌ಟೈಮ್ ಬೆಲೆಯಾಗಿಯೇ ಹೋಗುತ್ತದೆ. ಎಲ್ಲೂ ಪಠ್ಯವಾಗುವುದಿಲ್ಲ, ಲಾಗಿನ್ನಿನ ಭಾಷೆಗೆ ಅಲ್ಲಿ ಕೆಲಸವೇ ಇಲ್ಲ. ಕನ್ನಡಕ್ಕೆ ಎನ್‌ವಾರ್‌ಚಾರ್. ಡಿ'ಸೋಜ ಅವರಿಗಾಗಿ ವಿಶೇಷ ಏನೂ ಬೇಕಾಗಲಿಲ್ಲ.

ಹೆಸರು, ಬೆಲೆ ಮಾತ್ರ ಕೊಟ್ಟು ಟೈಪನ್ನು ಡ್ರೈವರಿನ ಊಹೆಗೆ ಬಿಡುವ ಆ್ಯಡ್‌ವಿತ್‌ವ್ಯಾಲ್ಯೂ ಬಗ್ಗೆ ಒಂದು ಮಾತು. ಇಂಡೆಕ್ಸ್ ಹಾಳುಮಾಡುತ್ತದೆ ಎಂದು ಅದನ್ನು ಬೈಯುವುದು ರೂಢಿ. ಕೋಡಿನಲ್ಲೇ ಬರೆದ ಕ್ವೆರಿಗೆ ಆ ಬೈಗುಳ ಸಲ್ಲುತ್ತದೆ, ಪ್ರೊಸೀಜರಿಗೆ ಅಷ್ಟಾಗಿ ಇಲ್ಲ. ಒಳಗಿನ ಕ್ವೆರಿ ನೋಡುವುದು ಪ್ರೊಸೀಜರ್ ಘೋಷಿಸಿದ ಟೈಪನ್ನು. ಹೊರಗಿನಿಂದ ಬಂದ ಸ್ಟ್ರಿಂಗ್ ಬಾಗಿಲಲ್ಲೇ ಆ ಟೈಪಿಗೆ ಬದಲಾಗಿರುತ್ತದೆ. ಇಂಡೆಕ್ಸ್ ಸ್ಕ್ಯಾನ್ ಕಂಡರೆ ಪ್ರೊಸೀಜರಿನ ಪ್ಯಾರಾಮೀಟರಿಗೂ ಟೇಬಲ್ಲಿನ ಕಾಲಮ್ಮಿಗೂ ಟೈಪ್ ತಾಳೆಯಾಗುತ್ತದೆಯೇ ನೋಡಿ. ಆದರೂ ಇಲ್ಲಿ ಅದನ್ನು ಬಿಟ್ಟದ್ದಕ್ಕೆ ಕಾರಣ ಔಟ್‌ಪುಟ್ ಪ್ಯಾರಾಮೀಟರ್‌ಗಳು.

ಪೈಸೆ ಎಲ್ಲಿ ಹೋಯಿತು

7.35 ಲೀಟರ್, ದರ 36.40, ಮೊತ್ತ 267.54 ಆಗಬೇಕು. ಪ್ರೊಸೀಜರನ್ನು ಎಸ್‌ಎಸ್‌ಎಂಎಸ್‌ನಲ್ಲಿ (ಸರ್ವರಿಗೆ ನೇರ ಕ್ವೆರಿ ಕೊಡುವ ಮೈಕ್ರೋಸಾಫ್ಟ್ ಸಾಧನ) ಓಡಿಸಿದರೆ ಅಷ್ಟೇ ಬರುತ್ತದೆ. ಕೋಡಿನಿಂದ ಕರೆದರೆ ಔಟ್‌ಪುಟ್‌ನಲ್ಲಿ 268. ಡೆಸಿಮಲ್ ಎಂದು ಟೈಪ್ ಹೇಳಿದ್ದರೂ ಸ್ಕೇಲ್ ಹೇಳಿರಲಿಲ್ಲ. ಹೇಳದಿದ್ದರೆ ಸ್ಕೇಲ್ 0, ಅಂದರೆ ದಶಮಾಂಶವೇ ಇಲ್ಲ. ಪ್ರಿಸಿಷನ್ 10, ಸ್ಕೇಲ್ 2 ಎಂದು ಹಾಕಿದ ಕೂಡಲೇ ಪೈಸೆ ಮರಳಿತು. ಒಂದು ರಸೀದಿಯಲ್ಲಿ 46 ಪೈಸೆ ಯಾರ ಗಮನಕ್ಕೂ ಬರುವುದಿಲ್ಲ; ಬಟವಾಡೆ ದಿನ ರಸೀದಿಗಳ ಮೊತ್ತವೂ ಬಿಲ್ಲಿನ ಮೊತ್ತವೂ ಕೂಡದೆ ಕಾರ್ಯದರ್ಶಿ ತಲೆ ಕೆರೆದುಕೊಳ್ಳುವಾಗ ಬರುತ್ತದೆ.

ಒಳಗೆ ಹೋಗುವ ಡೆಸಿಮಲ್ಲಿಗೂ ಒಂದು ಸೂಕ್ಷ್ಮವಿದೆ. ಫ್ಯಾಟ್ ಪ್ಯಾರಾಮೀಟರಿಗೆ ಸ್ಕೇಲ್ 1 ಎಂದು ಹಾಕಿ 4.27 ಕೊಟ್ಟರೆ ಹಳೇ ಡ್ರೈವರ್ ಕತ್ತರಿಸಿ 4.2 ಕಳಿಸುತ್ತಿತ್ತು. ಹೊಸ ಡ್ರೈವರ್ 2.0 ಆವೃತ್ತಿಯಿಂದ ಸರ್ವರ್ ಮಾಡುವಂತೆಯೇ ಪೂರ್ಣಾಂಕಿಸಿ 4.3 ಮಾಡುತ್ತದೆ. ದರ ಫ್ಯಾಟಿನ ಮೇಲೆ ನಿಂತಿರುವಾಗ ಡ್ರೈವರ್ ಬದಲಿಸಿದ ದಿನದಿಂದ ಮೊತ್ತಗಳು ಅಷ್ಟಷ್ಟು ಬದಲಾಗುತ್ತವೆ. ತಪ್ಪಿದ್ದು ಹಳೆಯದೇ ಆದರೂ ಲೆಕ್ಕ ನೋಡುವವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಸ್ಟ್ರಿಂಗ್ ಔಟ್‌ಪುಟ್ಟಿಗೆ ಸೈಜ್ ಹೇಳದಿದ್ದರೆ ಇಷ್ಟು ಸುತ್ತಾಟವಿಲ್ಲ: ಸೈಜ್ 0 ಸಲ್ಲದು ಎಂದು ಎಕ್ಸೆಪ್ಷನ್ ನೇರ ಮುಖಕ್ಕೆ. ರಸೀದಿಗೆ 200, ಎನ್‌ವಾರ್‌ಚಾರ್(ಮ್ಯಾಕ್ಸ್) ಆಗಿದ್ದರೆ -1 ಕೊಡಬೇಕಿತ್ತು.

ಪ್ರೊಸೀಜರಿನ ರಿಟರ್ನ್ ಬೆಲೆ ಬೇಕಾದರೆ ಇನ್ನೊಂದು ಪ್ಯಾರಾಮೀಟರ್ ಸೇರಿಸಿ ಅದರ ಡೈರೆಕ್ಷನ್ ರಿಟರ್ನ್‌ವ್ಯಾಲ್ಯೂ ಎಂದಿಡಿ, ಹೆಸರು ಏನಿದ್ದರೂ ಆದೀತು. ಅದು ಯಾವಾಗಲೂ ಇಂಟ್. ಮೊತ್ತ ಸಾಗಿಸಲು ಅದನ್ನು ಬಳಸುವವರಿದ್ದಾರೆ, ಬೇಡ.

ಎಕ್ಸಿಕ್ಯೂಟ್‌ನಾನ್‌ಕ್ವೆರಿ ಏನು ಮರಳಿಸುತ್ತದೆ ಎಂಬುದನ್ನು ಹಳೇ ಕೋಡ್ ‘ಸೊನ್ನೆಗಿಂತ ಹೆಚ್ಚಿದ್ದರೆ ಸೇರಿತು’ ಎಂದು ಪರೀಕ್ಷಿಸುತ್ತಿತ್ತು. ಪ್ರೊಸೀಜರಿನಲ್ಲಿ ಸೆಟ್ ನೋಕೌಂಟ್ ಆನ್ (ಸಾಲುಗಳ ಎಣಿಕೆ ಕಳಿಸಬೇಡ ಎಂಬ ಸೂಚನೆ) ಇದ್ದರೆ ಬರುವುದು -1. ನೋಕೌಂಟ್ ಇಲ್ಲದೆ ಟೇಬಲ್ಲಿಗೆ ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಕೋಡ್) ಇದ್ದರೆ ಅದು ಮುಟ್ಟಿದ ಸಾಲುಗಳೂ ಲೆಕ್ಕಕ್ಕೆ ಸೇರುತ್ತವೆ. ಆ ಪರೀಕ್ಷೆಯನ್ನೇ ತೆಗೆದು, ಎಕ್ಸೆಪ್ಷನ್ ಬಾರದಿದ್ದರೆ ಸೇರಿತು ಎಂದಿಟ್ಟದ್ದಾಯಿತು.

ಹೆಸರು ಹುಡುಕುವುದು: ಉದ್ದದ ಸಮಸ್ಯೆ

ಮೆಂಬರ್_ಸರ್ಚ್ ಪ್ಯಾರಾಮೀಟರ್ ಎನ್‌ವಾರ್‌ಚಾರ್(15). ಬರೆದವರು ಹದಿನೈದು ಅಕ್ಷರ ಸಾಕು ಎಂದುಕೊಂಡಿರಬೇಕು. ‘ಲಕ್ಷ್ಮೀನಾರಾಯಣ’ ಕಣ್ಣಿಗೆ ಆರು ಅಕ್ಷರ. ಯೂನಿಕೋಡಿನಲ್ಲಿ ಹದಿಮೂರು, ಏಕೆಂದರೆ ‘ಕ್ಷ್ಮೀ’ ಒಂದರಲ್ಲೇ ಮೂರು ವ್ಯಂಜನ, ಎರಡು ವಿರಾಮ, ಒಂದು ಸ್ವರಚಿಹ್ನೆ ಇವೆ. ಹಿಂದೆ ಮುಂದೆ ಶೇಕಡಾ ಚಿಹ್ನೆ ಸೇರಿಸಿದರೆ ಹದಿನೈದು, ಸರಿಯಾಗಿ ಕೂರುತ್ತದೆ. ‘ಲಕ್ಷ್ಮೀನಾರಾಯಣಪ್ಪ’ ಆದರೆ? ಬಾಲ ಕತ್ತರಿಸಿಹೋಗುತ್ತದೆ, ಅದರ ಜೊತೆ ಕೊನೆಯ ಶೇಕಡಾ ಚಿಹ್ನೆಯೂ. ಲೈಕ್ ಹುಡುಕಾಟ ಆಗ ‘ಅರ್ಧಕ್ಕೆ ನಿಂತ ಈ ಹೆಸರಿನಲ್ಲೇ ಮುಗಿಯುವವರು ಯಾರು’ ಎಂದು ಕೇಳಿ, ಯಾರೂ ಇಲ್ಲ ಎನ್ನುತ್ತದೆ. ದೋಷವಿಲ್ಲ, ಎಚ್ಚರಿಕೆಯಿಲ್ಲ. ಟೇಬಲ್ಲಿಗೆ ಉದ್ದ ಮೀರಿದ ಪಠ್ಯ ಸೇರಿಸಹೋದರೆ ಸರ್ವರ್ ತಡೆಯುತ್ತದೆ. ಪ್ಯಾರಾಮೀಟರಿಗೆ ಕೊಟ್ಟರೆ ಮೌನವಾಗಿ ಕತ್ತರಿಸುತ್ತದೆ. ಸಿ ಶಾರ್ಪ್ ಕಡೆ ಸೈಜ್ ಚಿಕ್ಕದಾಗಿ ಹೇಳಿದರೆ ಡ್ರೈವರೂ ಅದನ್ನೇ ಮಾಡುತ್ತದೆ. ಕತ್ತರಿ ಎರಡು ಕಡೆ ಇದೆ ಅಂದಹಾಗಾಯಿತು.

ಗೆರೆ ದಾಟಿದ್ದು ಇಲ್ಲಿ ಮೊದಲು: ಪ್ಯಾರಾಮೀಟರನ್ನು ಎನ್‌ವಾರ್‌ಚಾರ್(200) ಮಾಡಿ, ಕೋಡಿನಲ್ಲೂ 200 ಹಾಕಿ, ಅದಕ್ಕೂ ಮೊದಲು ಟೆಕ್ಸ್ಟ್‌ಬಾಕ್ಸಿನಲ್ಲೇ ಉದ್ದ ಪರೀಕ್ಷೆ. ಎಸ್‌ಕ್ಯುಎಲ್ ಸರ್ವರ್ 2019ರಿಂದ ಯುಟಿಎಫ್-8 ಕೊಲೇಶನ್ ಬಳಸಿ ಕನ್ನಡವನ್ನು ವಾರ್‌ಚಾರ್‌ನಲ್ಲೂ ಇಡಬಹುದು. ಅಲ್ಲಿ ಆವರಣದ ಸಂಖ್ಯೆ ಬೈಟ್ ಲೆಕ್ಕ, ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ವಾರ್‌ಚಾರ್(50) ಹದಿನಾರು ಸಂಕೇತಕ್ಕೇ ತುಂಬುತ್ತದೆ. ಎನ್‌ವಾರ್‌ಚಾರ್‌ನಲ್ಲಿ ತಲಾ 2 ಬೈಟ್. ಕನ್ನಡ ಪಠ್ಯಕ್ಕೆ ಯುಟಿಎಫ್-8ರಿಂದ ಜಾಗ ಉಳಿಯುವುದಿಲ್ಲ, ಹೆಚ್ಚೇ ಹೋಗುತ್ತದೆ.

ಬಟವಾಡೆ ಲೆಕ್ಕ: ಒಂದೇ ಕರೆಯಲ್ಲಿ ಎರಡು ಪಟ್ಟಿ, ಒಂದು ಮೊತ್ತ

ಬಿಲ್_ಕ್ಯಾಲ್ಕ್ ಎರಡು ರಿಸಲ್ಟ್‌ಸೆಟ್ ಕೊಡುತ್ತದೆ: ಸದಸ್ಯವಾರು ಬಿಲ್, ಆಮೇಲೆ ಕಡಿತಗಳ ಪಟ್ಟಿ (ಪಶು ಆಹಾರ, ಸಾಲದ ಕಂತು). ಜೊತೆಗೆ ಒಟ್ಟು ಮೊತ್ತ ಔಟ್‌ಪುಟ್‌ನಲ್ಲಿ. ಎಕ್ಸಿಕ್ಯೂಟ್‌ರೀಡರ್ ಕರೆದು, ಮೊದಲ ಪಟ್ಟಿಯನ್ನು ರೀಡ್ ಲೂಪಿನಲ್ಲಿ ಓದಿ, ನೆಕ್ಸ್ಟ್‌ರಿಸಲ್ಟ್ ಕರೆದು ಎರಡನೆಯದಕ್ಕೆ ದಾಟಬೇಕು. ರೀಡರ್ ತೆರೆದಿರುವಾಗಲೇ ಒಟ್ಟು ಮೊತ್ತ ನೋಡಹೋದರೆ ನಲ್ ಸಿಗುತ್ತದೆ. ಔಟ್‌ಪುಟ್ ಬೆಲೆಗಳು, ರಿಟರ್ನ್ ಬೆಲೆ ಎರಡೂ ಸರ್ವರಿನಿಂದ ಎಲ್ಲ ಸಾಲುಗಳೂ ಬಂದಮೇಲೆ, ಕಟ್ಟಕಡೆಗೆ ಬರುತ್ತವೆ. ಯೂಸಿಂಗ್ ಬ್ಲಾಕ್ ಮುಗಿದು ರೀಡರ್ ಮುಚ್ಚಿದ ನಂತರವೇ ಮೊತ್ತ ಓದಿ. ಅರ್ಧಕ್ಕೇ ಸಾಕು ಎನಿಸಿ ಕಮ್ಯಾಂಡಿಗೆ ಕ್ಯಾನ್ಸಲ್ ಕೊಟ್ಟು ಮುಚ್ಚಿದರೆ ಆ ಬೆಲೆಗಳು ಸಿಗವು.

ನೆಕ್ಸ್ಟ್‌ರಿಸಲ್ಟ್ ಫಾಲ್ಸ್ ಕೊಡುವವರೆಗೆ ಓದುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಮೊದಲ ಪಟ್ಟಿ ಕಳಿಸಿದ ಮೇಲೆ ಪ್ರೊಸೀಜರಿನಲ್ಲಿ ದೋಷ ಹುಟ್ಟಿದರೆ ಅದು ಸಾಲುಗಳ ಹಿಂದೆ ಸರದಿಯಲ್ಲಿ ಬರುತ್ತಿರುತ್ತದೆ. ಮೊದಲ ಪಟ್ಟಿ ಓದಿ ಎದ್ದುಹೋದ ಕೋಡಿಗೆ ಆ ಎಕ್ಸೆಪ್ಷನ್ ಕಾಣದೇ ಹೋಗಬಹುದು. ಎಕ್ಸಿಕ್ಯೂಟ್‌ಸ್ಕೇಲರ್ ಈ ವಿಷಯದಲ್ಲಿ ಕುಖ್ಯಾತ: ಮೊದಲ ಸಾಲಿನ ಮೊದಲ ಬೆಲೆ ಸಿಕ್ಕಿದರೆ ಅದಕ್ಕೆ ತೃಪ್ತಿ. ಏನನ್ನಾದರೂ ಬರೆಯುವ ಪ್ರೊಸೀಜರಿಗೆ ಅದನ್ನು ಬಳಸಬಾರದು.

ದೋಷ ಎಂದು ಯಾವುದನ್ನು ಕರೆಯುತ್ತದೆ ಎಂಬುದೂ ಮುಖ್ಯ. ಹಳೇ ಪ್ರೊಸೀಜರ್‌ಗಳಲ್ಲಿ ರೈಸ್‌ಎರರ್ ಕೆಲವು ಕಡೆ ತೀವ್ರತೆ 10ರಲ್ಲಿತ್ತು. 10 ಮತ್ತು ಕೆಳಗಿನದು ಬರೀ ಮಾಹಿತಿ. ಸಿ ಶಾರ್ಪಿನಲ್ಲಿ ಎಕ್ಸೆಪ್ಷನ್ ಆಗದೆ ಕನೆಕ್ಷನ್ನಿನ ಇನ್ಫೋಮೆಸೇಜ್ ಇವೆಂಟಿಗೆ ಹೋಗುತ್ತದೆ. ಅಲ್ಲಿ ಕೇಳುವವರು ಇಲ್ಲದಿದ್ದರೆ ಗಾಳಿಗೆ. 11ರಿಂದ ಮೇಲೆ ಎಕ್ಸೆಪ್ಷನ್, 20ರಿಂದ ಮೇಲೆ ಸಂಪರ್ಕವೇ ಕಡಿಯುತ್ತದೆ. ತಿದ್ದುವಾಗ ಥ್ರೋ ಬಳಸಿದೆವು: ಸಂಖ್ಯೆ 50000 ಅಥವಾ ಮೇಲೆ, ತೀವ್ರತೆ ಯಾವಾಗಲೂ 16. ಅದರ ಹಿಂದಿನ ಸಾಲು ಅರ್ಧವಿರಾಮದಲ್ಲಿ ಮುಗಿದಿರಲೇಬೇಕು. ಕೋಡಿನಲ್ಲಿ ಎಸ್‌ಕ್ಯುಎಲ್‌ಎಕ್ಸೆಪ್ಷನ್ನಿನ ನಂಬರ್ ನೋಡಿ ಕವಲೊಡೆಯಿರಿ, ಸಂದೇಶದ ಪಠ್ಯ ನೋಡಿ ಅಲ್ಲ. 2627 ಮತ್ತು 2601 ಒಂದೇ ದಾಖಲೆ ಎರಡು ಸಲ, 547 ಸದಸ್ಯ ಸಂಖ್ಯೆಯೇ ಇಲ್ಲದಂಥ ಕೊಂಡಿ ತಪ್ಪು, 1205 ಡೆಡ್‌ಲಾಕ್ (ಎರಡು ಕರೆಗಳು ಒಂದರ ಬೀಗಕ್ಕೆ ಇನ್ನೊಂದು ಕಾದು ಸಿಕ್ಕಿಕೊಂಡದ್ದು), ಇಡೀ ಕರೆಯನ್ನು ಮೊದಲಿಂದ ಮತ್ತೆ ಮಾಡಬಹುದು, -2 ಟೈಮ್‌ಔಟ್. ಪ್ರೊಸೀಜರ್ ಮತ್ತು ಲೈನ್‌ನಂಬರ್ ಪ್ರಾಪರ್ಟಿಗಳನ್ನೂ ಲಾಗಿಗೆ ಬರೆದಿಟ್ಟರೆ ಆಮೇಲೆ ಹುಡುಕುವ ಕಷ್ಟ ತಪ್ಪುತ್ತದೆ.

ಟೈಮ್‌ಔಟ್ ಆದಮೇಲೆ ಬೀಗ ಹಾಗೇ ಉಳಿದದ್ದು

ಕಮ್ಯಾಂಡ್‌ಟೈಮ್‌ಔಟ್ ಹೇಳದಿದ್ದರೆ 30 ಸೆಕೆಂಡು. ಬಟವಾಡೆ ದಿನ ಬಿಲ್_ಕ್ಯಾಲ್ಕ್ ಅಷ್ಟು ಮೀರಿದರೆ ಕ್ಲಯಂಟ್ ‘ನಿಲ್ಲಿಸು’ ಎಂದು ಸರ್ವರಿಗೆ ಸೂಚಿಸುತ್ತದೆ, ಸರ್ವರ್ ನಿಲ್ಲಿಸುತ್ತದೆ. ಆದರೆ ಪ್ರೊಸೀಜರಿನಲ್ಲಿ ಬಿಗಿನ್ ಟ್ರಾನ್ ಆಗಿದ್ದರೆ ಆ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕೆಲಸದ ಕಟ್ಟು) ತೆರೆದೇ ಇರುತ್ತದೆ, ಅದು ಸಾಲುಗಳ ಮೇಲೆ ಹಾಕಿದ ಬೀಗವೂ ಉಳಿಯುತ್ತದೆ. ಟ್ರೈ-ಕ್ಯಾಚ್ ಕೂಡ ಇದನ್ನು ಹಿಡಿಯುವುದಿಲ್ಲ, ಕ್ಯಾಚ್‌ನಲ್ಲಿರುವ ರೋಲ್‌ಬ್ಯಾಕಿಗೆ ಸರದಿಯೇ ಬರದು. ಕನೆಕ್ಷನ್ ಪೂಲಿಗೆ (ಮತ್ತೆ ಬಳಸಲು ತೆರೆದಿಟ್ಟ ಸಂಪರ್ಕಗಳ ಗುಂಪಿಗೆ) ಮರಳಿ, ಮತ್ತೆ ಯಾರಾದರೂ ಅದನ್ನು ಎತ್ತಿಕೊಂಡು ಬಳಸುವಾಗ ಮಾತ್ರ ರೀಸೆಟ್ ಆಗಿ ಬೀಗ ಬಿಡುತ್ತದೆ. ಅಷ್ಟರವರೆಗೆ ಹಾಲು ದಾಖಲಿಸುವ ಮೇಜಿನಲ್ಲಿ ಎಲ್ಲರೂ ಕಾಯುತ್ತಾ ಕೂರಬೇಕು.

ಎರಡನೇ ಸಲ ಗೆರೆ ದಾಟಿ, ಬರೆಯುವ ಪ್ರತಿ ಪ್ರೊಸೀಜರಿನ ಮೊದಲ ಸಾಲಿಗೆ ಸೆಟ್ ಎಕ್ಸ್ಆ್ಯಕ್ಟ್_ಅಬಾರ್ಟ್ ಆನ್ ಹಾಕಿದೆವು. ಆಗ ನಿಲ್ಲಿಸಿದ ಕೂಡಲೇ ಟ್ರಾನ್ಸಾಕ್ಷನ್ ಹಿಂದಕ್ಕೆ ಸರಿಯುತ್ತದೆ. ಬಿಲ್_ಕ್ಯಾಲ್ಕ್‌ಗೆ ಟೈಮ್‌ಔಟ್ 180 ಸೆಕೆಂಡು. ಸೊನ್ನೆ ಹಾಕಿದರೆ ಎಂದೆಂದಿಗೂ ಕಾಯುತ್ತದೆ, ಅದು ಬೇಡ.

ಟೈಮ್‌ಔಟ್ ಬಂತೆಂದು ಮಿಲ್ಕ್_ಇನ್ಸರ್ಟನ್ನು ಸುಮ್ಮನೆ ಮತ್ತೆ ಕರೆಯುವಂತೆಯೂ ಇಲ್ಲ. ಸರ್ವರ್ ಕೆಲಸ ಮುಗಿಸಿದ್ದು ಉತ್ತರ ಮಾತ್ರ ತಲುಪದೆ ಇರಬಹುದು. ಸದಸ್ಯ, ತಾರೀಕು, ಪಾಳಿ ಮೂರಕ್ಕೂ ಸೇರಿ ಯುನೀಕ್ ಕೀ ಇದ್ದರೆ ಎರಡನೇ ಕರೆಗೆ 2627 ಬರುತ್ತದೆ. ಅದನ್ನು ‘ಮೊದಲೇ ಸೇರಿದೆ’ ಎಂದು ಓದಿಕೊಂಡರೆ ಮುಗಿಯಿತು.

ಟ್ರಾನ್ಸಾಕ್ಷನ್ನನ್ನು ಸಿ ಶಾರ್ಪ್ ಕಡೆಯೂ ಪ್ರೊಸೀಜರ್ ಕಡೆಯೂ ತೆರೆಯುವುದು ಬೇಡ. ಹೊರಗೆ ಬಿಗಿನ್‌ಟ್ರಾನ್ಸಾಕ್ಷನ್ ಇದ್ದು ಒಳಗೆ ರೋಲ್‌ಬ್ಯಾಕ್ ಆದರೆ ಒಳಗಿನದಷ್ಟೇ ಅಲ್ಲ, ಎಲ್ಲವೂ ಹೋಗುತ್ತದೆ. ಪ್ರೊಸೀಜರಿನಿಂದ ಹೊರಬರುವಾಗ 266: ಒಳಹೋದಾಗಿನ ಟ್ರಾನ್ಸಾಕ್ಷನ್ ಎಣಿಕೆಗೂ ಈಗಿನದಕ್ಕೂ ತಾಳೆಯಿಲ್ಲ. ಆಮೇಲೆ ಹೊರಗಿನ ಕೋಡ್ ರೋಲ್‌ಬ್ಯಾಕ್ ಕರೆದರೆ ಈ ಟ್ರಾನ್ಸಾಕ್ಷನ್ ಆಗಲೇ ಮುಗಿದಿದೆ ಎಂಬ ಇನ್ನೊಂದು ಎಕ್ಸೆಪ್ಷನ್, ಮೊದಲಿನದನ್ನು ಮುಚ್ಚಿಹಾಕುವಂತೆ.

ಒಂದು ಪಾಳಿ, ಒಂದು ಕರೆ

ಹಾಲು ಪರೀಕ್ಷಿಸುವ ಯಂತ್ರದಿಂದ ಬರುವ ಫೈಲಿನಲ್ಲಿ ಒಂದು ಪಾಳಿಗೆ ನೂರಾರು ಸಾಲು. ಪ್ರತಿಯೊಂದಕ್ಕೂ ಮಿಲ್ಕ್_ಇನ್ಸರ್ಟ್ ಕರೆಯುವ ಬದಲು ಟೇಬಲ್-ವ್ಯಾಲ್ಯೂಡ್ ಪ್ಯಾರಾಮೀಟರ್, ಅಂದರೆ ಇಡೀ ಟೇಬಲ್ಲನ್ನೇ ಒಂದು ಪ್ಯಾರಾಮೀಟರಾಗಿ ಕೊಡುವುದು. ಎಸ್‌ಕ್ಯುಎಲ್ ಸರ್ವರ್ 2008ರಿಂದ ಇದೆ, ಬಳಸುವವರು ಯಾಕೋ ಕಡಿಮೆ. ಮೊದಲು ಕ್ರಿಯೇಟ್ ಟೈಪ್ ಆ್ಯಸ್ ಟೇಬಲ್, ಪ್ರೊಸೀಜರಿನಲ್ಲಿ ಆ ಟೈಪಿನ ಪ್ಯಾರಾಮೀಟರಿಗೆ ರೀಡ್‌ಓನ್ಲಿ, ಕೋಡಿನಲ್ಲಿ ಎಸ್‌ಕ್ಯುಎಲ್‌ಡಿಬಿಟೈಪ್.ಸ್ಟ್ರಕ್ಚರ್ಡ್, ಟೈಪ್‌ನೇಮ್‌ನಲ್ಲಿ ಸ್ಕೀಮಾ ಸಹಿತ ಹೆಸರು. ಬೆಲೆಯಾಗಿ ಡೇಟಾಟೇಬಲ್ ಕೊಡಬಹುದು, ಇಲ್ಲವೇ ಎಸ್‌ಕ್ಯುಎಲ್‌ಡೇಟಾರೆಕಾರ್ಡ್‌ಗಳನ್ನು ಒಂದೊಂದಾಗಿ ಹರಿಸಬಹುದು.

ಇಡೀ ಕೆಲಸದಲ್ಲಿ ಅತಿ ಅಪಾಯದ ಜಾಗ ಇದೇ. ಕಾಲಂಗಳು ತಾಳೆಯಾಗುವುದು ಹೆಸರಿನಿಂದಲ್ಲ, ಅನುಕ್ರಮದಿಂದ. ಡೇಟಾಟೇಬಲ್ಲಿನಲ್ಲಿ ಎಸ್‌ಎನ್‌ಎಫ್ ಮೊದಲು, ಫ್ಯಾಟ್ ಆಮೇಲೆ ಸೇರಿಸಿದ್ದರೆ, ಎರಡೂ ಡೆಸಿಮಲ್(3,1) ಆದ್ದರಿಂದ ಸರ್ವರ್ ಖುಷಿಯಿಂದ ತೆಗೆದುಕೊಳ್ಳುತ್ತದೆ. ಫ್ಯಾಟ್ 4.1, ಎಸ್‌ಎನ್‌ಎಫ್ 8.5 ಇದ್ದ ಹಸುವಿನ ಹಾಲು ಫ್ಯಾಟ್ 8.5ರ ದರ ಪಡೆಯುತ್ತದೆ. ಟೈಪಿನಲ್ಲೇ ಎಸ್‌ಎನ್‌ಎಫ್ 7ಕ್ಕಿಂತ ಕಡಿಮೆ ಇರಬಾರದು ಎಂಬ ಚೆಕ್ ಹಾಕಿದರೆ ಹಸುವಿನ ಹಾಲಿನ ಸಾಲುಗಳಲ್ಲಾದರೂ ಅದಲುಬದಲು ಸಿಕ್ಕಿಬೀಳುತ್ತದೆ. ಎಮ್ಮೆಯ ಹಾಲಿನಲ್ಲಿ ಫ್ಯಾಟೇ 7 ದಾಟುವುದರಿಂದ ಈ ಬಲೆ ಸಾಲದು. ಹಾಗಾಗಿ ಕಾಲಂಗಳನ್ನು ಸೇರಿಸುವ ಕೋಡ್ ಒಂದೇ ಕಡೆ ಇಟ್ಟು, ಅದರ ಅನುಕ್ರಮವನ್ನು ಸಿಸ್.ಕಾಲಮ್ಸ್‌ನ ಅನುಕ್ರಮದೊಂದಿಗೆ ಹೋಲಿಸುವ ಟೆಸ್ಟ್ ಬರೆದದ್ದಾಯಿತು.

ಹಾಲೇ ಬಾರದ ಪಾಳಿಗೆ ಸಾಲುಗಳಿಲ್ಲದ ಡೇಟಾಟೇಬಲ್ ಕೊಟ್ಟರೆ ತೊಂದರೆಯಿಲ್ಲ. ಎಸ್‌ಕ್ಯುಎಲ್‌ಡೇಟಾರೆಕಾರ್ಡ್ ದಾರಿಯಲ್ಲಿ ಖಾಲಿ ಸರಣಿ ಕೊಟ್ಟರೆ ಎಕ್ಸೆಪ್ಷನ್. ಅಲ್ಲಿ ನಲ್ ಕೊಡಬೇಕು.

ಎಸ್‌ಎಸ್‌ಎಂಎಸ್‌ನಲ್ಲಿ ಕ್ಷಣ, ಪ್ರೋಗ್ರಾಮಿನಲ್ಲಿ ನಿಮಿಷ

ಬಿಲ್_ಕ್ಯಾಲ್ಕ್‌ಗೆ ಸದಸ್ಯ ಸಂಖ್ಯೆ ಕೊಟ್ಟರೆ ಒಬ್ಬರ ಬಿಲ್, ನಲ್ ಕೊಟ್ಟರೆ ಎಲ್ಲರದೂ. ಅದೇ ಬೆಲೆಗಳನ್ನು ಎಸ್‌ಎಸ್‌ಎಂಎಸ್‌ನಲ್ಲಿ ಕೊಟ್ಟರೆ ತಟ್ಟನೆ ಉತ್ತರ, ಪ್ರೋಗ್ರಾಮಿನಲ್ಲಿ ಟೈಮ್‌ಔಟ್. ಎರಡೂ ಒಂದೇ ಪ್ಲಾನ್ (ಕ್ವೆರಿ ಓಡಿಸಲು ಸರ್ವರ್ ಸಿದ್ಧಪಡಿಸಿಟ್ಟುಕೊಳ್ಳುವ ದಾರಿ) ಬಳಸುತ್ತಿರಲಿಲ್ಲ. ಎಸ್‌ಎಸ್‌ಎಂಎಸ್ ಅರಿತ್‌ಅಬಾರ್ಟ್ ಆನ್ ಮಾಡಿ ಸಂಪರ್ಕಿಸುತ್ತದೆ, ಡಾಟ್ ನೆಟ್ ಡ್ರೈವರ್ ಆಫ್. ಈ ಸೆಟ್ಟಿಂಗ್ ಬೇರೆಯಾದರೆ ಕ್ಯಾಶಿನಲ್ಲಿ ಪ್ಲಾನೂ ಬೇರೆ. ಸಿಸ್.ಡಿಎಂ_ಎಕ್ಸೆಕ್_ಪ್ಲಾನ್_ಆಟ್ರಿಬ್ಯೂಟ್ಸ್‌ನಲ್ಲಿ ಸೆಟ್_ಆಪ್ಷನ್ಸ್ ನೋಡಿದರೆ ಒಂದರಲ್ಲಿ 4347, ಇನ್ನೊಂದರಲ್ಲಿ 251. ನಡುವಿನ 4096 ಇದೇ ಸೆಟ್ಟಿಂಗಿನದು. ಪ್ರೋಗ್ರಾಮಿನ ಪ್ಲಾನ್ ಯಾರೋ ಒಬ್ಬ ಸದಸ್ಯರ ಬಿಲ್ಲಿಗಾಗಿ ಮೊದಲ ಸಲ ಕಂಪೈಲ್ ಆಗಿತ್ತು, ಎಲ್ಲರ ಬಿಲ್ಲಿಗೂ ಅದೇ ಪ್ಲಾನ್ ಒದ್ದಾಡುತ್ತಿತ್ತು.

ಕೋಡಿನಲ್ಲಿ ಸೆಟ್ ಅರಿತ್‌ಅಬಾರ್ಟ್ ಆನ್ ಹಾಕಿದರೆ ಸರಿಹೋದಂತೆ ಕಾಣುತ್ತದೆ, ಆ ಹೊತ್ತಿಗೆ ಇನ್ನೊಂದು ಪ್ಲಾನ್ ಸಿಕ್ಕಿತಷ್ಟೇ. ಆ ಪ್ಲಾನೂ ಒಂದು ದಿನ ತಪ್ಪು ಬೆಲೆಗೆ ಕಂಪೈಲ್ ಆಗುತ್ತದೆ. ಎಸ್‌ಎಸ್‌ಎಂಎಸ್‌ನಲ್ಲೇ ಅದನ್ನು ಆಫ್ ಮಾಡಿಕೊಂಡು ಓಡಿಸಿದರೆ ಪ್ರೋಗ್ರಾಮಿನ ನಿಧಾನ ಅಲ್ಲೇ ಕಾಣುತ್ತದೆ. ತಿದ್ದಬೇಕಾದದ್ದು ಪ್ರೊಸೀಜರ್. ‘ಸಂಖ್ಯೆ ನಲ್ ಆಗಿದ್ದರೆ ಎಲ್ಲರೂ’ ಎಂಬ ಷರತ್ತಿರುವ ಆ ಒಂದು ಕ್ವೆರಿಯ ಕೊನೆಗೆ ಆಪ್ಷನ್ ರಿಕಂಪೈಲ್ ಸೇರಿಸಿದೆವು. ಹದಿನೈದು ದಿನಕ್ಕೊಮ್ಮೆ ಓಡುವ ಕ್ವೆರಿಗೆ ಪ್ರತಿ ಸಲ ಕಂಪೈಲ್ ಮಾಡುವ ಖರ್ಚು ಲೆಕ್ಕಕ್ಕಿಲ್ಲ. ಮಿಲ್ಕ್_ಇನ್ಸರ್ಟಿನಂಥ ದಿನವಿಡೀ ಓಡುವುದಕ್ಕೆ ಅದನ್ನು ಹಾಕಬಾರದು.

ಅನುಮತಿ

ಹಳೇ ಪ್ರೋಗ್ರಾಂ ಎಲ್ಲ ಹಕ್ಕೂ ಇರುವ ಎಸ್‌ಎ ಲಾಗಿನ್ನಿನಲ್ಲಿ ಓಡುತ್ತಿತ್ತು. ಹೊಸ ಲಾಗಿನ್ನಿಗೆ ಟೇಬಲ್ಲಿನ ಮೇಲೆ ಯಾವ ಹಕ್ಕೂ ಇಲ್ಲ, ನಾಲ್ಕು ಪ್ರೊಸೀಜರಿಗೆ ಗ್ರ್ಯಾಂಟ್ ಎಕ್ಸಿಕ್ಯೂಟ್ ಮಾತ್ರ. ಟೇಬಲ್ಲಿನ ಒಡೆಯನೂ ಪ್ರೊಸೀಜರಿನ ಒಡೆಯನೂ ಒಬ್ಬನೇ ಆಗಿರುವವರೆಗೆ ಅಷ್ಟು ಸಾಕು. ಒಳಗೆ ಡೈನಾಮಿಕ್ ಎಸ್‌ಕ್ಯುಎಲ್ (ಓಡುವಾಗ ಸ್ಟ್ರಿಂಗಾಗಿ ಕಟ್ಟಿದ ಕ್ವೆರಿ) ಇದ್ದರೆ ಆ ಕೊಂಡಿ ಕಳಚಿ 229, ಅಂದರೆ ಅನುಮತಿ ಇಲ್ಲ ಎಂಬ ದೋಷ, ಬರುತ್ತದೆ. ಮೆಂಬರ್_ಸರ್ಚ್‌ನಲ್ಲಿ ಅಂಥದ್ದೊಂದಿತ್ತು, ಸಾದಾ ಲೈಕ್ ಆಗಿ ಬದಲಾಯಿಸಿದ್ದಾಯಿತು. ಮಿಲ್ಕ್_ಬಲ್ಕ್‌ಗೆ ಪ್ರೊಸೀಜರಿನ ಹಕ್ಕಿನ ಜೊತೆ ಟೇಬಲ್ ಟೈಪಿನ ಮೇಲೂ ಎಕ್ಸಿಕ್ಯೂಟ್ ಬೇಕು, ಇದನ್ನು ಮರೆತಾಗಲೂ 229.

ಹೊಸ ಆವೃತ್ತಿ ಹಾಕುವ ಸ್ಕ್ರಿಪ್ಟಿನಲ್ಲಿ ಡ್ರಾಪ್ ಮಾಡಿ ಕ್ರಿಯೇಟ್ ಮಾಡಿದರೆ ಕೊಟ್ಟ ಹಕ್ಕುಗಳೂ ಡ್ರಾಪ್ ಆಗುತ್ತವೆ. ಎಸ್‌ಕ್ಯುಎಲ್ ಸರ್ವರ್ 2016 ಸರ್ವೀಸ್ ಪ್ಯಾಕ್ 1ರಿಂದ ಕ್ರಿಯೇಟ್ ಆರ್ ಆಲ್ಟರ್ ಇದೆ, ಪ್ರೊಸೀಜರಿಗೆ ಅದನ್ನೇ ಬಳಸಿ. ಟೇಬಲ್ ಟೈಪಿಗೆ ಆಲ್ಟರ್ ಇಲ್ಲ. ಅದರಲ್ಲಿ ಒಂದು ಕಾಲಂ ಸೇರಿಸಬೇಕಾದರೂ ಮಿಲ್ಕ್_ಬಲ್ಕ್ ತೆಗೆದು, ಟೈಪ್ ತೆಗೆದು, ಹೊಸ ಟೈಪ್ ಮಾಡಿ, ಪ್ರೊಸೀಜರ್ ಮತ್ತೆ ಸೃಷ್ಟಿಸಿ, ಎರಡಕ್ಕೂ ಗ್ರ್ಯಾಂಟ್ ಮತ್ತೆ ಕೊಡಬೇಕು. ಈ ಐದೂ ಒಂದೇ ಸ್ಕ್ರಿಪ್ಟಿನಲ್ಲಿ, ಇದೇ ಅನುಕ್ರಮದಲ್ಲಿ ಇರಲಿ. ಓಡಿಸಿದ ಮೇಲೆ ಎಸ್‌ಎ ಅಲ್ಲ, ಪ್ರೋಗ್ರಾಮಿನ ಲಾಗಿನ್ನಿನಲ್ಲೇ ಸಂಪರ್ಕಿಸಿ ನಾಲ್ಕು ಕರೆಯನ್ನೂ ಒಮ್ಮೆ ಮಾಡಿ ನೋಡಿ.